ಮುರಕಲ್ಲ ಗೋಡೆಗೆ ಮತ್ತೆ ಸುಣ್ಣದ ಗಾರೆ: ಎರಡು ಮಳೆಗಾಲದ ಲೆಕ್ಕ

ಎರಡನೇ ಆಟಿ ತಿಂಗಳೂ (ತುಳುವರ ಜಡಿಮಳೆಯ ತಿಂಗಳು) ಕಳೆಯಿತು. ಸಿಮೆಂಟ್ ಕಿತ್ತು ಸುಣ್ಣದ ಗಾರೆ ಹಚ್ಚಿದ ಚಾವಡಿಯ ಪಡುಗೋಡೆಯಲ್ಲಿ ಈ ಸಲ ಗುಳ್ಳೆ ಏಳಲಿಲ್ಲ, ಉಪ್ಪು ಬಿಡಲಿಲ್ಲ, ಕೈ ಒರಸಿದರೆ ಪುಡಿ ಉದುರುವುದಿಲ್ಲ. ಕಾಸರಗೋಡಿನ ಬದಿಯಡ್ಕ ಕಡೆಯ ಹಳೇ ಹಂಚಿನ ಮನೆ. 18 ಇಂಚು ದಪ್ಪದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಕಲ್ಲಿನ ನಡುವೆ ಬರೇ ಕೆಮ್ಮಣ್ಣು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ “ಸುಣ್ಣ ತೊಳೆದು ಹೋಗ್ತದೆ, ಸಿಮೆಂಟನ್ನೇ ಇನ್ನಷ್ಟು ಗಟ್ಟಿ ಮಾಡಿ ಹಾಕಿ” ಎಂದು ಹೇಳಿದ ಮೇಸ್ತ್ರಿಗಳು ಒಬ್ಬಿಬ್ಬರಲ್ಲ. ಮಾಡಿದ್ದು, ಕೆಟ್ಟದ್ದು, ಖರ್ಚಾದದ್ದು ಎಲ್ಲವನ್ನೂ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನವು, ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಮೊದಲು ಕಳೆದುಕೊಂಡ ಹಣ. ಒಂದು ಸಲ 1:5 (ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು) ಸಿಮೆಂಟ್ ಸಾರಣೆ, ನೆಲದಿಂದ 4 ಅಡಿಯವರೆಗೆ, 22,000 ರೂಪಾಯಿ ಹತ್ತಿರ. ಮೂರನೇ ಮಳೆಗಾಲಕ್ಕೆ ಟೊಳ್ಳು ಸದ್ದು. ಇನ್ನೊಂದು ಸಲ ನೀರು ತಡೆಯುವ ದ್ರಾವಣ ಬೆರೆಸಿ 1:4, ಮೇಲೆ ಎರಡು ಕೋಟ್ ನೀರು ತಡೆಯುವ ಪೇಂಟ್, 31,000. ಆಮೇಲೆ 3 ಅಡಿಯಲ್ಲಿ ನಿಲ್ಲುತ್ತಿದ್ದ ಒದ್ದೆ 5 ಅಡಿಗೆ ಏರಿತು. ಮುರಕಲ್ಲು ಪಂಚಾಂಗದಿಂದ (ಗೋಡೆಯ ಬುಡದ ಅಡಿಪಾಯದಿಂದ) ನೀರು ಹೀರುತ್ತಲೇ ಇರುತ್ತದೆ. ಹೀರಿದ್ದನ್ನು ಗೋಡೆಯ ಮೈಯಿಂದ ಬಿಡುತ್ತದೆ. ಬಿಡುವ ಮೈಯನ್ನೇ ಮುಚ್ಚಿದರೆ ಮುಚ್ಚದ ಜಾಗ ಸಿಗುವವರೆಗೆ ಅದು ಮೇಲೇರುತ್ತದೆ. ಗಟ್ಟಿ ಸಿಮೆಂಟ್ ಹಾಕಿದಷ್ಟೂ ಒಳಗಿನ ಕಲ್ಲು ಮೆತ್ತಗಾಗುತ್ತಾ ಹೋಗುತ್ತದೆ.

ಮಾಡು ಸೋರುತ್ತದೆಯೋ, ಗಾಳಿಯ ಪಸೆಯೋ, ನೆಲದ ನೀರೋ ಎಂದು ತಿಳಿಯದೆ ಉಳಿ ಹಿಡಿಯಬಾರದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕೂತರೆ ಗೋಡೆಯೊಳಗಿನದು, ಮುಂದೆ ಕೂತರೆ ಕೋಣೆಯ ಗಾಳಿಯದು. ನಮ್ಮಲ್ಲಿ ಹಿಂದೆಯೇ ಕೂತಿತು.

ಗೋಡೆಗಿಂತ ಮೊದಲು ಅಂಗಳದ ಕೆಲಸ. ವರ್ಷ ವರ್ಷ ಕಾಂಕ್ರೀಟು ಹಾಕಿ ಹಾಕಿ ಅಂಗಳ ಪಂಚಾಂಗದ ಮಟ್ಟಕ್ಕೇ ಏರಿತ್ತು. ಗೋಡೆಯಿಂದ ಒಂದು ಅಡಿ ಬಿಟ್ಟು, ಒಂದು ಅಡಿ ಅಗಲ, ಒಂದೂವರೆ ಅಡಿ ಆಳಕ್ಕೆ ಕಾಂಕ್ರೀಟು ಒಡೆದು ಅಗೆದು, ತೋಟದ ಕಡೆಗೆ ಇಳಿಜಾರು ಕೊಟ್ಟು ಜಲ್ಲಿ ತುಂಬಿಸಿದೆ. ಮಾಡಿನ ಅಂಚಿನ ನೀರಿಗೆ ಅಡಿಕೆ ದಂಬೆ (ಅಡಿಕೆ ಮರ ಸೀಳಿ ಮಾಡಿದ ನೀರಿನ ದೋಣಿ) ಕಟ್ಟಿದೆ. ದಂಬೆ ಇಲ್ಲದಿದ್ದಾಗ ಅಂಗಳಕ್ಕೆ ಬಿದ್ದ ನೀರು ಎರಡೂವರೆ ಅಡಿಯವರೆಗೆ ಗೋಡೆಗೆ ಸಿಡಿಯುತ್ತಿತ್ತು. ಒಳಗೆ ಕಾವಿ ನೆಲದ ಮೇಲೆ ಟೈಲ್ಸ್ ಹಾಕಿದ ಕೋಣೆಯಲ್ಲಿ ಗೋಡೆಯ ಒದ್ದೆ ಹೆಚ್ಚು, ಕಾವಿ ನೆಲ ಉಳಿದ ಕೋಣೆಯಲ್ಲಿ ಕಡಿಮೆ. ನೆಲದಿಂದ ಏಳಬೇಕಾದ ಪಸೆ ಟೈಲ್ಸಿನಡಿ ಸಿಕ್ಕಿ ಗೋಡೆಗೆ ಸರಿಯುತ್ತದೆ. ಟೈಲ್ಸ್ ಕೀಳುವ ಖರ್ಚಿಗೆ ಧೈರ್ಯ ಬರಲಿಲ್ಲ, ಆ ಕೋಣೆ ಹಾಗೇ ಇದೆ.

ಸಿಮೆಂಟ್ ಕೀಳಲು ಬ್ರೇಕರ್ ಮಷಿನ್ ತರಬೇಡಿ. ಮಣ್ಣಿನ ಜೋಡಣೆ ಅದುರಿ ಕಲ್ಲೇ ಸಡಿಲವಾಗುತ್ತದೆ. ಅರ್ಧ ದಿನದಲ್ಲಿ ಮೂರು ಕಲ್ಲು ಅಲುಗಿದ ಮೇಲೆ ಉಳಿ ಸುತ್ತಿಗೆಗೆ ಬಂದೆವು. ಒದ್ದೆ ಏರಿದ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಕಿತ್ತದ್ದು ಒಟ್ಟು 350 ಚದರಡಿ. ಇಬ್ಬರು ಆಳು, ನಾಲ್ಕು ದಿನ. ಸಂದಿನ ಮಣ್ಣನ್ನು ಒಂದು ಇಂಚು ಕೆರೆದು ತೆಗೆದೆವು. ಉಪ್ಪನ್ನು ಒಣ ಬ್ರಶ್ಶಿನಲ್ಲಿ ಉಜ್ಜಿ ಗುಡಿಸಿ ಹೊರಗೆ ಹಾಕಬೇಕು, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಡಿಸೆಂಬರಿನಿಂದ ಮಾರ್ಚಿನವರೆಗೆ ಗೋಡೆಯನ್ನು ಬತ್ತಲೆ ಬಿಟ್ಟೆ. ನೋಡಿದವರೆಲ್ಲ ಕೇಳುತ್ತಿದ್ದರು, ಕೆಲಸ ನಿಂತಿತೇ ಎಂದು. ಗೋಡೆ ಒಣಗುವುದೇ ದೊಡ್ಡ ಕೆಲಸ. ಇಡೀ ಕೆಲಸದಲ್ಲಿ ಇಷ್ಟು ಮುಖ್ಯವಾದದ್ದು ಬೇರೆ ಇಲ್ಲ.

ಅಷ್ಟರಲ್ಲಿ ಸುಣ್ಣ. ಸುಟ್ಟ ಮರುವಾಯಿ ಚಿಪ್ಪು (ಕಪ್ಪೆಚಿಪ್ಪು), 25 ಕಿಲೋದ 6 ಚೀಲ. ಡ್ರಮ್ಮಿನ ನೀರಿಗೆ ಸುಣ್ಣ ಹಾಕುವುದೇ ಹೊರತು ಸುಣ್ಣಕ್ಕೆ ನೀರು ಹೊಯ್ಯುವುದಲ್ಲ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಆರು ವಾರ ಇಟ್ಟೆ. ಅವಸರಕ್ಕೆ ಹತ್ತೇ ದಿನದಲ್ಲಿ ತೆಗೆದು ಹಚ್ಚಿದ ಒಂದು ಮೂಲೆಯಲ್ಲಿ ಅರಳದೆ ಉಳಿದ ಚೂರುಗಳು ಆಮೇಲೆ ಅರಳಿ, ಸಾಸಿವೆ ಸಿಡಿದ ಹಾಗೆ ಗುಳಿ ಬಿದ್ದವು.

ಒಂದು ಪಾಲು ಸುಣ್ಣದ ಮುದ್ದೆಗೆ ಮೂರು ಪಾಲು ಹೊಯಿಗೆ (ಮರಳು). ಹೊಳೆಯ ಹೊಯಿಗೆಯೇ ಆಗಬೇಕು, ಕಡಲಬದಿಯದು ಬೇಡ, ಅದರಲ್ಲೇ ಉಪ್ಪಿದೆ. ಸುಮಾರು 28 ಘನ ಅಡಿ ಹಿಡಿಯಿತು. ನೀರು ಸೇರಿಸದೆ, ಮುದ್ದೆಯ ಪಸೆಯಲ್ಲೇ ಕುಟ್ಟಿ ಕುಟ್ಟಿ ಮೆತ್ತಗೆ ಮಾಡಬೇಕು. ಇಲ್ಲಿಯೇ ಆಳುಗಳಿಗೆ ಬೇಸರ ಬಂದು ಚೊಂಬು ಚೊಂಬು ನೀರು ಹೊಯ್ಯುವುದು, ಬಿರುಕು ಶುರುವಾಗುವುದೂ ಇಲ್ಲಿಂದಲೇ.

ಮೊದಲ ಹಚ್ಚಿಕೆ ಪೂರ್ತಿ ಹೋಯಿತು. 60 ಚದರಡಿ, ಗೋಡೆ ಸಾಕಷ್ಟು ನೆನೆಸಿರಲಿಲ್ಲ. ಒಣಗಿದ ಮುರಕಲ್ಲು ಒಂದೇ ಗಳಿಗೆಯಲ್ಲಿ ಗಾರೆಯ ನೀರನ್ನೆಲ್ಲ ಕುಡಿಯಿತು, ಸುಣ್ಣ ಗಟ್ಟಿಯಾಗದೆ ಹಿಟ್ಟಾಗಿ ಉದುರಿತು. ಕೂಲಿ, ಸಾಮಾನು ಸೇರಿ 5,000 ನಷ್ಟ. ಎರಡನೇ ಸಲ ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ, ಹಚ್ಚುವ ಅರ್ಧ ಗಂಟೆ ಮೊದಲು ಒಮ್ಮೆ ನೀರು ಹೊಡೆದೆವು. ಕಲ್ಲು ತಣ್ಣಗಿರಬೇಕು, ಮೈಯಲ್ಲಿ ನೀರು ಮಿನುಗಬಾರದು. ಕಲ್ಲು ಒಂದು ಇಂಚಿಗಿಂತ ಆಳ ಸವೆದ ಕಡೆ ಮುರಕಲ್ಲ ಚೂರು ಕೂರಿಸಿ ಗಾರೆ ತುಂಬಿಸಿದೆವು. ಬರೇ ಗಾರೆ ದಪ್ಪಕ್ಕೆ ಮೆತ್ತಿದಲ್ಲಿ ಜಾರಿತು. ಮೊದಲ ಕೋಟ್ ಅರ್ಧ ಇಂಚು, ಮೇಲೆ ಗೀರು. ಹತ್ತು ದಿನ ಬಿಟ್ಟು ಕಾಲು ಇಂಚಿನ ಎರಡನೆಯದು. ಒದ್ದೆ ಗೋಣಿಯನ್ನು ಗೋಡೆಗೆ ತಾಗದಂತೆ ಗೇಣು ದೂರದಲ್ಲಿ ಇಳಿಬಿಟ್ಟು, ಮೂರು ವಾರ ದಿನಕ್ಕೆ ಎರಡು ಸಲ ಸಣ್ಣಗೆ ನೀರು ಸಿಂಪಡಿಸಿದೆ. ಸುಣ್ಣ ಗಟ್ಟಿಯಾಗಲು ಗಾಳಿಯೂ ಬೇಕು, ಪಸೆಯೂ ಬೇಕು.

ಒಳಗಿನವರೆಗೆ ಗಟ್ಟಿಯಾಗಿದೆಯೇ ಎಂದು ನೋಡಲು ಅರಿಶಿನದ ನೀರು ಸಾಕು. ಮೂಲೆಯಲ್ಲಿ ಒಂದು ಚೂರು ಕೆತ್ತಿ ಒಡೆದು, ಒಡೆದ ಮೈಗೆ ಹಚ್ಚಿ. ಕುರ್ದಿ ನೀರಿನ (ಅರಿಶಿನ, ಸುಣ್ಣ ಕಲಸಿದ ನೀರಿನ) ಕೆಂಪು ಬಂದಲ್ಲೆಲ್ಲ ಸುಣ್ಣ ಇನ್ನೂ ಹಸಿ, ಅರಿಶಿನವಾಗಿಯೇ ಉಳಿದದ್ದು ಗಟ್ಟಿ. ನಮ್ಮದು ಪತ್ತನಾಜೆ (ಮೇ ಕೊನೆಯ ವಾರ, ಮಳೆ ಶುರುವಾಗುವ ಮುಂಚಿನ ದಿನ) ಹೊತ್ತಿಗೆ ಮೇಲಿನ ಎರಡು ಮೂರು ಮಿಲಿಮೀಟರ್ ಮಾತ್ರ ಗಟ್ಟಿಯಾಗಿತ್ತು. ಒಳಗೋಡೆಗೆ ಅಷ್ಟು ಸಾಕಾಯಿತು. ಹೊರಗೋಡೆಗೆ ಸಾಲದು ಎಂದು ಆ ಮಳೆಗಾಲ ತೆಂಗಿನ ಮಡಲಿನ ತಡಿಕೆ ಕಟ್ಟಿದೆ.

ದನದ ಹಟ್ಟಿಯ ಗೋಡೆಯಲ್ಲಿ 2 ಅಡಿ ಚೌಕದ ಮೂರು ತುಂಡು ಬೇರೆ ಬೇರೆ ಹಚ್ಚಿ ಮಳೆಗೆ ಬಿಟ್ಟಿದ್ದೆ. ಬರೇ ಸುಣ್ಣದ್ದು ಮೇಲಿನಿಂದ ಒಂದೆರಡು ಮಿಲಿಮೀಟರ್ ತೊಳೆದುಹೋಯಿತು. ಬೆಲ್ಲದ ನೀರಿನದು ಕರಣೆಗೆ ಬೆಣ್ಣೆಯಂತೆ ಬಂತು, ಆದರೆ ಬೆಲ್ಲ ಹೆಚ್ಚಾಗಿ ಗಟ್ಟಿಯಾಗಲು ತಡ, ಇರುವೆ ಬೇರೆ. ಮೂರನೆಯದು ಒಡೆದ ಹಳೇ ಹಂಚನ್ನು ಕುಟ್ಟಿ ಬಟ್ಟೆಯಲ್ಲಿ ಗಾಳಿಸಿದ ಪುಡಿ: ಒಂದು ಸುಣ್ಣ, ಒಂದು ಪುಡಿ, ಎರಡು ಹೊಯಿಗೆ. ಅದೇ ಮೊದಲು ಗಟ್ಟಿಯಾಯಿತು, ಉಗುರು ಇಳಿಯಲಿಲ್ಲ. ಹೊರಗೋಡೆಯ ಕೆಳಗಿನ ಮೂರು ಅಡಿಗೆ ಈಗ ಅದನ್ನೇ ಹಾಕುತ್ತಿದ್ದೇನೆ. ಹಾಲು ಬೆರೆಸಿದ ಸುಣ್ಣದ ಬಳಿಕೆ ಬೆಳಕಿನ ಕೋಣೆಯಲ್ಲಿ ಚೆನ್ನಾಗಿ ನಿಂತಿತು, ಕತ್ತಲೆ ಮೂಲೆಯಲ್ಲಿ ಕಪ್ಪು ಬೂಸರು ಹಿಡಿಯಿತು. ಗುಳಮಾವು ಎಂಬ ಕಾಡುಮರದ ತೊಗಟೆ ನೆನೆಸಿದ ಲೋಳೆ ನೀರನ್ನೂ ಕೊನೆಯ ಕೋಟಿಗೆ ಬಳಸಿದ್ದೇನೆ, ಬಿರುಕು ನಿಂತದ್ದು ಅದರಿಂದ. ಎಷ್ಟು, ಯಾವಾಗ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕೈಯಲ್ಲಿ ಕಲಸಿ ನೋಡಿದವರಿಗೇ ಸಿಗಬೇಕಾದದ್ದು.

ಒಟ್ಟು 43,000 ಆಯಿತು, ಕೆಟ್ಟುಹೋದದ್ದೂ ಸೇರಿ. ಅದರಲ್ಲಿ ಸುಣ್ಣ, ಹೊಯಿಗೆ ಎಲ್ಲ ಸೇರಿ 8,000 ದಾಟಿಲ್ಲ, ಉಳಿದದ್ದು ಕೂಲಿ. ಹಿಂದಿನ ಎರಡು ಸಿಮೆಂಟ್ ಕೆಲಸಕ್ಕೆ 53,000 ಹೋಗಿತ್ತು. ಮೊದಲ ಮಳೆಗಾಲದಲ್ಲಿ ನೆಲದ ಹತ್ತಿರ ಒಂದು ಗೇಣು ಉದ್ದಕ್ಕೆ ಉಪ್ಪು ಬಿಟ್ಟಿತ್ತು. ಹೆದರಲಿಲ್ಲ. ಕಲ್ಲಿನಲ್ಲಿ ಉಳಿದ ಉಪ್ಪನ್ನು ಗಾರೆ ಎಳೆದುಕೊಂಡದ್ದು ಅದು, ಅಷ್ಟನ್ನೇ ಕೆರೆದು ಹೊಸದು ಹಚ್ಚಿದೆ, 700 ರೂಪಾಯಿ. ತೊಳೆದು ಹೋಗ್ತದೆ ಎಂದಿದ್ದ ಮೇಸ್ತ್ರಿಯೊಬ್ಬರು ಹೋದ ತಿಂಗಳು ಬಂದು ಗೋಡೆಯನ್ನು ನಾಣ್ಯದಲ್ಲಿ ತಟ್ಟಿ ನೋಡಿ, ಅಳತೆ ಬರೆದುಕೊಂಡು ಹೋದರು. ಬಚ್ಚಲ ಕಡೆಯ ಗೋಡೆ ಬಾಕಿ ಇದೆ. ದೀಪಾವಳಿ ಕಳೆದು ಕೀಳುವುದು, ಸುಣ್ಣ ಈಗಲೇ ಎರಡು ಡ್ರಮ್ ನೆನೆಯುತ್ತಿದೆ.