ಅಡ್ವಾನ್ಸ್ ವಾಪಸ್ ಪಡೆಯಲು ನಾನು ಹಾಕಿದ ದಾವೆ

2024ರಲ್ಲಿ ಸನ್ನಿವೇಲ್‌ನ ಬಾಡಿಗೆ ಮನೆ ಬಿಟ್ಟು ಫ್ರೀಮಾಂಟಿಗೆ ಬಂದೆವು. ಮೂರು ವರ್ಷ ಇದ್ದ ಮನೆ. ಬಿಡುವ ಹಿಂದಿನ ರಾತ್ರಿ ನಾನೂ ಹೆಂಡತಿಯೂ ಓವನ್ ಒಳಗಿನ ಕಂಬಿಗಳನ್ನೂ ಬಿಚ್ಚಿ ಉಜ್ಜಿ, ಒಂದೊಂದು ಗೋಡೆಯ ಫೋಟೊ ತೆಗೆದಿಟ್ಟುಕೊಂಡೆವು. ಕ್ಯಾಲಿಫೋರ್ನಿಯಾದಲ್ಲಿ ಮನೆ ಖಾಲಿಯಾದ 21 ದಿನದೊಳಗೆ ಅಡ್ವಾನ್ಸ್ ವಾಪಸ್ ಕೊಡಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಮುರಿದುಕೊಂಡದ್ದು ಎಂದು ಲೆಕ್ಕ ಕೊಡಬೇಕು. ರಿಪೇರಿ, ಕ್ಲೀನಿಂಗ್ ಸೇರಿ 125 ಡಾಲರ್ ದಾಟಿದರೆ ರಸೀದಿಯೂ ಬೇಕು. ನಮಗೆ ಬಂದದ್ದು ಒಂದು ಸಾಲಿನ ಇಮೇಲ್: ಪೇಂಟಿಂಗ್, ಕ್ಲೀನಿಂಗ್, 2,800 ಡಾಲರ್. ಕೊಟ್ಟ ಅಡ್ವಾನ್ಸ್ ಪೂರ್ತಿ ಅಷ್ಟೇ.

ಬೆಂಗಳೂರಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದನ್ನು ಕಂಡವರು ನಾವು, ಇಲ್ಲೂ ಸುಮ್ಮನಾಗಿಬಿಡುತ್ತೇವೆ. ಸುಮ್ಮನಾಗಬೇಕಿಲ್ಲ. ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ಇಲ್ಲಿ ಬಾಡಿಗೆದಾರ ದುಡ್ಡು ಕೊಡುವ ಹಾಗಿಲ್ಲ. ವೀಸಾದ ಮೇಲಿರುವವರೂ ದಾವೆ ಹಾಕಬಹುದು.

"ಫೆಡರಲ್ ಕೋರ್ಟಿಗೇ ಹಾಕು ಮಾರಾಯ" ಎಂದ ಗೆಳೆಯ. ಆಗುವುದಿಲ್ಲ. ರಾಜ್ಯದ ಕಾನೂನಿನ ಇಂಥ ವ್ಯಾಜ್ಯ ಕೇಂದ್ರದ ಆ ಕೋರ್ಟಿಗೆ ಹೋಗಬೇಕಾದರೆ ವಾದಿ, ಪ್ರತಿವಾದಿ ಬೇರೆ ಬೇರೆ ರಾಜ್ಯದವರೋ ದೇಶದವರೋ ಆಗಿರಬೇಕು, ಮೊತ್ತವೂ 75,000 ಡಾಲರ್ ಮೀರಬೇಕು. ನನ್ನದು ಸ್ಮಾಲ್ ಕ್ಲೇಮ್ಸ್ ಕೋರ್ಟಿನ, ಅಂದರೆ ಸಣ್ಣ ಮೊತ್ತದ ವ್ಯಾಜ್ಯಗಳಿಗಿರುವ ರಾಜ್ಯದ ಕೋರ್ಟಿನ ಕೇಸು. ಅಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ಯಾರ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ. ದುರುದ್ದೇಶದಿಂದ ಅಡ್ವಾನ್ಸ್ ಹಿಡಿದಿಟ್ಟರೆ ಅದರ ಎರಡು ಪಟ್ಟಿನವರೆಗೆ ಮೇಲೆ ಕೊಡಿಸಲು ಜಡ್ಜಿಗೆ ಅಧಿಕಾರವಿದೆ. ಅದನ್ನೂ ಸೇರಿಸಿ 8,400 ಕೇಳಿದೆ. ಶುಲ್ಕ 75 ಡಾಲರ್.

ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಹಾಕಬೇಕು ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು. ನಾನೀಗ ಅಲಮೀಡಾ ಕೌಂಟಿಯವನು, ಮನೆ ಓನರ್ ಇರುವುದು ಸ್ಯಾಕ್ರಮೆಂಟೊದಲ್ಲಿ. ಎಸ್‌ಸಿ-100 ಎಂಬ ಫಾರಂನಲ್ಲಿ, ಈ ಕೋರ್ಟಿನಲ್ಲೇ ಯಾಕೆ ಹಾಕುತ್ತಿದ್ದೀರಿ ಎಂದು ಕೇಳುತ್ತಾರೆ. ನನಗೆ ಹತ್ತಿರ ಎಂಬುದು ಕಾರಣವಾಗದು. ಪ್ರತಿವಾದಿ ಇರುವ ಜಾಗ, ಅಥವಾ ಕರಾರು ಆದ, ನಡೆದ, ಮುರಿದ ಜಾಗ ನಡೆಯುತ್ತದೆ. ಮನೆ ಸನ್ನಿವೇಲ್‌ನಲ್ಲಿದ್ದದ್ದರಿಂದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಹಾಕಿದೆ. ಅದಕ್ಕೂ ಮೊದಲು ದುಡ್ಡು ವಾಪಸ್ ಕೇಳಿ ಪತ್ರ ಬರೆದಿದ್ದೆ. ಕೇಳದೆ ದಾವೆ ಹಾಕುವಂತಿಲ್ಲ.

ಎಡವಿದ್ದು ಸಮನ್ಸ್ ಜಾರಿಯಲ್ಲಿ. ವಾದಿ ತಾನೇ ಕಾಗದ ಕೊಡುವಂತಿಲ್ಲ. 18 ದಾಟಿದ, ಕೇಸಿಗೆ ಸಂಬಂಧವಿಲ್ಲದವರು ಕೊಡಬೇಕು. ಅದೇ ಗೆಳೆಯ ಸ್ಯಾಕ್ರಮೆಂಟೊವರೆಗೆ ಕಾರು ಓಡಿಸಿಕೊಂಡು ಹೋಗಿ ಓನರ್ ಕೈಗೇ ಕೊಟ್ಟು ಬಂದ, ವಿಚಾರಣೆಗೆ 17 ದಿನ ಮುಂಚೆ. 15 ದಿನ ಸಾಕೆಂದುಕೊಂಡಿದ್ದೆ. ಅದು ಪ್ರತಿವಾದಿ ಅದೇ ಕೌಂಟಿಯವರಾದರೆ ಮಾತ್ರ, ಹೊರಗಿನವರಿಗೆ 20. ವಿಚಾರಣೆ ಮುಂದಕ್ಕೆ ಹೋಯಿತು.

ಎರಡನೇ ಸಲ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಮೂರು ಸೆಟ್ ಒಯ್ದೆ. ಓವನ್ ಫೋಟೊ ಜಡ್ಜ್ ಕೈಯಲ್ಲಿ ತುಸು ಹೊತ್ತು ಇತ್ತು. ಓನರ್ ಬಳಿ ಇದ್ದದ್ದು 150 ಡಾಲರ್‌ನ ಕಾರ್ಪೆಟ್ ಕ್ಲೀನಿಂಗ್ ರಸೀದಿ ಒಂದೇ. ತೀರ್ಪು ಅಂಚೆಯಲ್ಲಿ ಬಂತು: ಅಷ್ಟನ್ನು ಕಳೆದು 2,650, ಜೊತೆಗೆ ನನ್ನ ಶುಲ್ಕ 75. ಎರಡು ಪಟ್ಟು ಕೊಡಲಿಲ್ಲ. ವಾದಿಗೆ ಅಪೀಲಿಲ್ಲ, ಪ್ರತಿವಾದಿಗೆ 30 ದಿನ ಅವಕಾಶವಿದೆ.

ದುಡ್ಡನ್ನು ಕೋರ್ಟ್ ವಸೂಲಿ ಮಾಡಿಕೊಡುವುದಿಲ್ಲ. ಹಳೆಯ ಬಾಡಿಗೆ ಚೆಕ್ಕೊಂದರ ಹಿಂಬದಿಯ ನಕಲನ್ನು ನನ್ನ ಬ್ಯಾಂಕಿನಿಂದ ತೆಗೆಸಿಟ್ಟುಕೊಂಡಿದ್ದೆ. ಓನರ್ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ಅದರಿಂದ ಗೊತ್ತಾದರೆ ಕೋರ್ಟಿನ ಆದೇಶ ಪಡೆದು ಶೆರಿಫ್ ಮೂಲಕ ಅಲ್ಲಿಂದಲೇ ವಸೂಲಿ ಮಾಡಿಸಬಹುದು. ಅದರ ಅಗತ್ಯ ಬೀಳಲಿಲ್ಲ. ಅಪೀಲಿನ ಗಡುವು ಮುಗಿದ ವಾರ 2,725 ಡಾಲರ್‌ನ ಚೆಕ್ ಬಂತು.