ಮಧುನಾಶಿನಿ ಎಲೆ ಅಗಿಯುವವರಿಗೆ

ಔಷಧಿ ಗಿಡಗಳಿಗೆ ಹೆಸರಾದ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗಿ ಬಂದವರು ಮಧುನಾಶಿನಿ ಬಳ್ಳಿಯ ಬಗ್ಗೆ ಕೇಳುತ್ತಲೇ ಇರುತ್ತೀರಿ. ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಪೂರ್ತಿ ಓದಿ.

ಈ ಬಳ್ಳಿಯ ಎಲೆಯಲ್ಲಿ ಜಿಮ್ನೆಮಿಕ್ ಆಮ್ಲಗಳಿವೆ. ಎಲೆ ಅಗಿದರೆ ಇವು ನಾಲಿಗೆಗೆ ಸಿಹಿ ಗೊತ್ತಾಗದಂತೆ ತಡೆಯುತ್ತವೆ. ಆಮೇಲೆ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿ ನೋಡಿ, ಮರಳು ಅಗಿದ ಹಾಗಾಗುತ್ತದೆ. ಉಪ್ಪು, ಹುಳಿ ಗೊತ್ತಾಗುತ್ತವೆ. ಸ್ವಲ್ಪ ಹೊತ್ತಿಗೆ ಸಿಹಿಯೂ ವಾಪಸ್ ಬರುತ್ತದೆ. ಆದರೆ ನಾಲಿಗೆಗೆ ಸಿಹಿ ತಿಳಿಯಲಿಲ್ಲ ಅಂದ್ರೆ ರಕ್ತದಲ್ಲಿ ಸಕ್ಕರೆ ಇಳಿಯಿತು ಅಂತಲ್ಲ. ಆಗ ಫೇಡೆ ತಿಂದರೂ ಸಕ್ಕರೆ ಏರುತ್ತದೆ, ಅಲ್ವಾ?

ರಕ್ತದ ಸಕ್ಕರೆ ಇಳಿಸುವ ಗುಣವೂ ಈ ಎಲೆಗಿದೆ. ಅಪಾಯ ಇರುವುದೇ ಅಲ್ಲಿ. ಮಾತ್ರೆ, ಇನ್ಸುಲಿನ್ ಜೊತೆ ಸುಮ್ನೆ ಇದನ್ನೂ ತಗೊಂಡರೆ ಸಕ್ಕರೆ ತೀರಾ ಜಾಸ್ತಿ ಇಳಿಯಬಹುದು. ಬೆವರು, ಕೈನಡುಕ, ತಲೆಸುತ್ತು ಬಂದರೆ ಕೂಡಲೇ ಗ್ಲೂಕೋಸ್ ನೀರು ಕುಡಿಯಿರಿ. ಸಿಹಿ ಅನ್ನಿಸದಿದ್ದರೂ ಬಿಡಬೇಡಿ. ಎಲೆ ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಹೇಳಿ, ಮಾತ್ರೆಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ.

ಗುಡ್ಡದಿಂದ ಕಿತ್ತು ತರಬೇಡಿ, 2019ರಿಂದ ಅದು ವನ್ಯಜೀವಿ ಧಾಮ. ಗೊತ್ತಿರುವ ನರ್ಸರಿಯಿಂದ ಸಸಿ ತಂದು ಕುಂಡದಲ್ಲಿ ಹಚ್ಚಿ, ಹಬ್ಬಲು ಒಂದು ಕೋಲು ಕೊಡಿ.