ನೆರೆಗೆ ಸಿಕ್ಕುವ ಹೊಲದ ತಗ್ಗನ್ನು ಜೌಗಾಗಿ ಉಳಿಸಿಕೊಳ್ಳುವ ಬಗೆ

ಕಂಪ್ಲಿ, ಗಂಗಾವತಿ, ಸಿರುಗುಪ್ಪ, ಮಾನ್ವಿಯ ಕಡೆ ತುಂಗಭದ್ರೆಯ ದಂಡೆಗೆ ಹೊಲವಿರುವ ರೈತರಿಗೆ ತಮ್ಮ ಹೊಲದ ಯಾವ ಮೂಲೆ ಮೊದಲು ಮುಳುಗಿ ಕೊನೆಗೆ ಬತ್ತುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. 2009ರ ಅಕ್ಟೋಬರಿನಲ್ಲಿಯೂ 2019ರ ಆಗಸ್ಟಿನಲ್ಲಿಯೂ ಹೊಳೆ ಉಕ್ಕಿ ಬಂದಾಗ ಇಂಥ ತಗ್ಗುಗಳೇ ಮೊದಲು ನೀರಿಗೆ ಸಿಕ್ಕಿದವು. ಪ್ರತಿ ಸಲವೂ ಜೆಸಿಬಿ ತರಿಸಿ ಉಸುಕು ಎತ್ತಿಸಿ, ಒಡ್ಡು ಹಾಕಿಸಿ, ಸಾಲ ಮಾಡಿ ಮತ್ತೆ ಭತ್ತ ನಾಟಿ ಮಾಡುವುದಕ್ಕಿಂತ ಆ ತಗ್ಗನ್ನಷ್ಟೇ ಜೌಗಿಗೆ ಬಿಟ್ಟು, ಉಳಿದ ಹಣ ಮತ್ತು ದುಡಿಮೆಯನ್ನು ಮೇಲಿನ ಹೊಲಕ್ಕೆ ಹಾಕುವುದು ಲೇಸೆಂದು ನಾನು ನಂಬಿದ್ದೇನೆ.

ಅಮೆರಿಕದಲ್ಲಿ ಇದಕ್ಕೆಂದೇ ಸರ್ಕಾರಿ ಯೋಜನೆಯಿದೆ. ಅಲ್ಲಿನ ಕೃಷಿ ಇಲಾಖೆಯು ನೆರೆಪೀಡಿತ ಹೊಲದ ಸಾಗುವಳಿ ಹಕ್ಕನ್ನು ಹಣ ಕೊಟ್ಟು ಪಡೆದುಕೊಳ್ಳುತ್ತದೆ. ಇದನ್ನು ಅಲ್ಲಿ ಈಸ್‌ಮೆಂಟ್ ಎನ್ನುತ್ತಾರೆ. ಒಡೆತನವೂ, ಹೊಲದೊಳಗೆ ಯಾರನ್ನು ಬಿಡಬೇಕೆಂಬ ಅಧಿಕಾರವೂ ರೈತನಲ್ಲಿಯೇ ಉಳಿಯುತ್ತವೆ. ಹಿಂದಿನ ವರ್ಷದಲ್ಲಿ ಒಮ್ಮೆಯಾದರೂ ಅಥವಾ ಹಿಂದಿನ 10 ವರ್ಷಗಳಲ್ಲಿ 2 ಸಲವಾದರೂ ನೆರೆಯಿಂದ ಹಾನಿಗೊಂಡ ಭೂಮಿ ಇದಕ್ಕೆ ಅರ್ಹ. ನಮ್ಮಲ್ಲಿ 1882ರ ಈಸ್‌ಮೆಂಟ್ ಕಾಯ್ದೆ ಇದೆಯಾದರೂ ಅದು ಒಬ್ಬರ ಹೊಲದ ಮೂಲಕ ಇನ್ನೊಬ್ಬರಿಗೆ ದಾರಿ, ನೀರು ಮುಂತಾದವು ಸಿಗುವ ಹಕ್ಕಿಗೆ ಸಂಬಂಧಿಸಿದ್ದು. ಜೌಗಿಗೆ ಬಿಟ್ಟ ನೆಲಕ್ಕೆ ಅದರಿಂದ ಹಣ ಬರುವುದಿಲ್ಲ. ಆದರೆ 10 ವರ್ಷದಲ್ಲಿ 2 ಸಲ ಎಂಬ ಅಳತೆಯನ್ನು ನಾವೂ ಬಳಸಬಹುದು. ಯಾವ ಮಡಿಯನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ಅದರಿಂದಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ನೀರು ಇಳಿದ ಕೂಡಲೇ, ಏನನ್ನೂ ಕದಲಿಸುವ ಮೊದಲು, ದಿನಾಂಕ ಕಾಣುವಂತೆ ಫೋಟೋ ತೆಗೆದು, ಪಹಣಿ ಮತ್ತು ಎಫ್‌ಐಡಿ (ರೈತರ ನೋಂದಣಿ) ಸಂಖ್ಯೆಯೊಂದಿಗೆ ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಟ್ಟು ಪಂಚನಾಮೆ ಮಾಡಿಸಿಕೊಳ್ಳಬೇಕು. ವಿಪತ್ತು ಪರಿಹಾರಕ್ಕೆ ಕೇಂದ್ರವು 2022–26ರ ಅವಧಿಗೆ ನಿಗದಿಪಡಿಸಿದ ದರಗಳಲ್ಲಿ, 3 ಅಂಗುಲಕ್ಕಿಂತ ಹೆಚ್ಚು ಉಸುಕು ಅಥವಾ ಹೂಳು ಕೂತ ಜಮೀನನ್ನು ಹಸನು ಮಾಡಲು ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 18,000 ರೂಪಾಯಿ, ನದಿ ಪಾತ್ರ ಬದಲಿಸಿ ಕೊಚ್ಚಿಕೊಂಡು ಹೋದ ಜಮೀನಿಗೆ 47,000 ರೂಪಾಯಿ ಇತ್ತು. ಹೂಳು ತೆಗೆಯುವ ಹಣವನ್ನು ಸಾಗುವಳಿಗೆ ಉಳಿಸಿಕೊಳ್ಳುವ ಮೇಲಿನ ಹೊಲಕ್ಕೆ ಮಾತ್ರ ಕೇಳುವುದು ಪ್ರಾಮಾಣಿಕವೂ ಹೌದು, ಮುಂದೆ ತಕರಾರಿಗೆ ಎಡೆಯಿಲ್ಲದ್ದೂ ಹೌದು. ಬಿಟ್ಟ ತಗ್ಗು ಬೆಳೆ ಸಮೀಕ್ಷೆಯಲ್ಲಿ ಬೀಳು ಎಂದು ದಾಖಲಾಗುವುದರಿಂದ ಅದಕ್ಕೆ ಬೆಳೆ ಹಾನಿ ಪರಿಹಾರ ಬರುವುದಿಲ್ಲ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ಒಪ್ಪಿಕೊಂಡಿರಬೇಕು.

ಇನ್ನು ನೀರಿನ ಕೆಲಸ. ಇಡೀ ಪ್ರಯತ್ನ ನಿಲ್ಲುವುದು ಇದರ ಮೇಲೆಯೇ. ಭತ್ತಕ್ಕೆಂದು ತೋಡಿದ ನಿಮ್ಮದೇ ಬಸಿಗಾಲುವೆ ತಗ್ಗಿನ ನೀರನ್ನು ಹೊರಗೆ ಎಳೆದೊಯ್ಯುತ್ತಿರುತ್ತದೆ. ಅದರ ಬಾಯಿಗೆ ಎರೆಮಣ್ಣು ತುಂಬಿ ಗಟ್ಟಿಯಾಗಿ ದಮ್ಮಸು ಮಾಡಿ, ಹೆಚ್ಚಾದ ನೀರು ಹರಿದುಹೋಗಲು ಒಂದು ಕಡೆ ಕಲ್ಲು ಹಾಸಿದ ಕೋಡಿ ಬಿಡಬೇಕು. ಅದೇ ಹೊತ್ತಿಗೆ ಹೊಳೆಯ ಕಡೆಯ ಒಡ್ಡನ್ನು ಒಂದೆರಡು ಕಡೆ ತಗ್ಗಿಸಿದರೆ ನೆರೆ ನಿಧಾನವಾಗಿ ಒಳಗೆ ಬಂದು ರೇವೆಯನ್ನು ಅಲ್ಲಿಯೇ ಇಳಿಸಿ ಹೋಗುತ್ತದೆ. ತಳವನ್ನು ಸಮತಟ್ಟು ಮಾಡಬಾರದು: ಒಂದೆಡೆ ಗೇಣು, ಇನ್ನೊಂದೆಡೆ ಮೊಣಕಾಲು, ನಡುವೆ ಸೊಂಟದ ಆಳವಿದ್ದರೆ ಬೇರೆ ಬೇರೆ ಸಸ್ಯಗಳಿಗೂ ಮೀನಿಗೂ ಉದ್ದ ಕಾಲಿನ ಹಕ್ಕಿಗಳಿಗೂ ನೆಲೆ ಸಿಗುತ್ತದೆ. ಊರ ಹಳ್ಳವನ್ನಾಗಲಿ ನೀರಾವರಿ ಇಲಾಖೆಯ ಬಸಿಗಾಲುವೆಯನ್ನಾಗಲಿ ಅನುಮತಿಯಿಲ್ಲದೆ ಮುಚ್ಚಬಾರದು. ಪಕ್ಕದವರ ಹೊಲಕ್ಕೆ ನೀರು ಒಸರಿದರೆ ಅಲ್ಲಿ ಸವಳು ಮೇಲೆದ್ದು ಜಗಳಕ್ಕೆ ದಾರಿಯಾಗುವುದರಿಂದ, ಬದುವಿನಿಂದ ದೂರ ಸರಿದು ನೀರು ನಿಲ್ಲಿಸುವುದೂ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದೂ ಅಗತ್ಯ.

ಕೃಷಿ ಹೊಂಡ, ಬದು, ಗಿಡ ನೆಡುವಿಕೆ ಮುಂತಾದವು ಸಣ್ಣ ರೈತರ ಜಮೀನಿನಲ್ಲಿ ಉದ್ಯೋಗ ಖಾತ್ರಿ ಕೆಲಸಗಳಾಗಿ ನಡೆಯುತ್ತ ಬಂದಿವೆ. ನಿಮ್ಮ ಕೆಲಸವನ್ನೂ ಅವೇ ಹೆಸರುಗಳಲ್ಲಿ ಬಿಡಿಸಿ, ನಕ್ಷೆಯೊಂದಿಗೆ ಗ್ರಾಮಸಭೆಯ ಮುಂದಿಟ್ಟು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಲು ಕೇಳಬೇಕು.

ನೀರು ನಿಂತರೆ ಆಪು, ಜೇಕುಗಳನ್ನು ಬಹುಪಾಲು ನೆಡಬೇಕಾಗಿಯೇ ಇಲ್ಲ. ಕೆಸರಿನಲ್ಲಿ ಉಳಿದ ಬೀಜಗಳು ತಾವಾಗಿ ಮೊಳೆಯುತ್ತವೆ. ದಂಡೆಗೆ ಹೊಳೆಮತ್ತಿ, ಹೊಂಗೆ, ನೇರಳೆ, ಕರಿಜಾಲಿ ಒಳ್ಳೆಯವು. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಕೆರೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಕರಿಜಾಲಿಯ ಮೇಲೆಯೇ. ಬಳ್ಳಾರಿ ಜಾಲಿಯನ್ನು ಮಾತ್ರ ಬೇರುಸಹಿತ ಕೀಳಿಸಬೇಕು. ಕಡಿದರೆ ಮತ್ತೆ ಚಿಗುರುತ್ತದೆ, ಎರಡು ಮಳೆಗಾಲ ಬಿಟ್ಟರೆ ತಗ್ಗನ್ನೆಲ್ಲ ಆವರಿಸುತ್ತದೆ.

ಸರ್ಕಾರ ಜಮೀನನ್ನೇ ವಶಪಡಿಸಿಕೊಂಡೀತು ಎಂಬ ಹೆದರಿಕೆ ಹಲವರಿಗಿದೆ. 2017ರ ಜೌಗುಪ್ರದೇಶ ನಿಯಮಗಳು ಭತ್ತದ ಗದ್ದೆಗಳನ್ನೂ ನೀರಾವರಿಗೆಂದು ಕಟ್ಟಿದ ಕೆರೆ-ಹೊಂಡಗಳನ್ನೂ ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಹೊಲದ ಮೂಲೆಯಲ್ಲಿ ನೀರು ನಿಲ್ಲಿಸಿದ್ದರಿಂದಲೇ ಪಹಣಿಯ ಒಡೆತನದ ಕಲಂ ಬದಲಾಗುವುದಿಲ್ಲ. ಮೊದಲ ವರ್ಷ ಗುರುತು ಹಾಕಿದ ಒಂದು ಗೂಟವನ್ನು ತಗ್ಗಿನ ನಡುವೆ ನೆಟ್ಟು, ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಬರೆದಿಡಿ. ಸಂಕ್ರಾಂತಿಯ ಹೊತ್ತಿಗೇ ತಳ ಬತ್ತಿದ್ದರೆ ಕೋಡಿಯನ್ನು ಒಂದು ಗೇಣು ಎತ್ತರಿಸಿ.